ವಾಹನದ ಮುಖಕ್ಕಂಟಿದ ಕೀಟಕಲೆ: ಸ್ವರೂಪ ಮತ್ತು ನಿವಾರಣೆ

'ಕಲೆ' ಎಂಬ ಎರಡಕ್ಷರದ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಸಂಸ್ಕೃತದ 'ಕಲಾ' ಶಬ್ದದಿಂದ ಬಂದ ಕಲೆ ಒಂದು. ಅದು ಸಂಗೀತ, ಚಿತ್ರ, ಶಿಲ್ಪ ಮೊದಲಾದ ವಿದ್ಯೆಗಳನ್ನು ಸೂಚಿಸುತ್ತದೆ. ಬಟ್ಟೆಗೋ ಗೋಡೆಗೋ ಮೈಗೋ ಅಂಟಿ ಉಳಿದ ಗುರುತನ್ನು ಹೇಳುವ ಕಲೆ ಇನ್ನೊಂದು. 'ಹಲ್ಲಿನ ಕರೆ' ಎನ್ನುವಾಗಿನ 'ಕರೆ'ಯೂ ಈ ಅರ್ಥದ್ದೇ. ಮೊದಲನೆಯದನ್ನು ಗಳಿಸುವುದಕ್ಕೆ ಸಾಧನೆ ಬೇಕು. ಎರಡನೆಯದನ್ನು ಕಳೆಯುವುದಕ್ಕೂ ಸಾಧನೆ ಬೇಕೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಪ್ರಕೃತ ಲೇಖನದ ವಿಷಯ ಈ ಎರಡನೆಯ ಕಲೆ. ಅದರಲ್ಲಿಯೂ ಮೋಟಾರು ವಾಹನದ ಮುಂಭಾಗಕ್ಕೆ ಬಡಿದು ಸತ್ತ ಕೀಟಗಳಿಂದ ಉಂಟಾಗುವ ಕಲೆ.

ಛಂದಸ್ಸು, ವ್ಯಾಕರಣ, ಶರಣಸಾಹಿತ್ಯಗಳ ವಿಚಾರ ಬರಬೇಕಾದ ಸಂಚಿಕೆಯಲ್ಲಿ ಇಂಥದೊಂದು ವಿಷಯವೇ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಮಠದ ಶಾಲೆಗಳ ಅಂಗಳದಲ್ಲಿ ನಿಲ್ಲುವ ವಾಹನ ಯಾರದು ಎಂಬುದನ್ನು ಯೋಚಿಸಬೇಕು. ಅದು ಭಕ್ತರ ಕಾಣಿಕೆಯಿಂದ, ದಾನಿಗಳ ಔದಾರ್ಯದಿಂದ, ಹಳೆಯ ವಿದ್ಯಾರ್ಥಿಗಳ ಅಭಿಮಾನದಿಂದ ಬಂದದ್ದು. ಆದುದರಿಂದ ದಾಸೋಹದ ದ್ರವ್ಯ. ಅದರಲ್ಲಿ ಕುಳಿತು ಹೋಗುವವರು ನಮ್ಮ ಮಕ್ಕಳು. ದ್ರವ್ಯವನ್ನು ಕಾಪಾಡುವುದೂ ಮಕ್ಕಳನ್ನು ಕಾಪಾಡುವುದೂ ನಮ್ಮ ಹೊಣೆಯಾಗಿರುವಾಗ, ಆ ವಾಹನದ ಗಾಜು ಶುಭ್ರವಾಗಿದೆಯೇ, ಬಣ್ಣ ಕೆಡುತ್ತಿದೆಯೇ ಎಂಬ ಪ್ರಶ್ನೆ ಕ್ಷುಲ್ಲಕವಾಗಲಾರದು. ಇನ್ನು ತೊಳೆಯುವ ಕೆಲಸ ಕೀಳೆಂಬ ಭಾವನೆ ಯಾರಿಗಾದರೂ ಇದ್ದರೆ, 12ನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಮಡಿಮಾಡುವುದನ್ನೇ ಕಾಯಕವಾಗಿ ಕೈಕೊಂಡು ಪೂಜ್ಯರಾದರೆಂಬುದನ್ನು ನೆನೆದರೆ ಸಾಕು.

ಕೀಟಕಲೆಯ ವಿಷಯದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ: ಇದು ಬಲದಿಂದ ಹೋಗುವ ಕಲೆಯಲ್ಲ, ನೀರು ಮತ್ತು ತಾಳ್ಮೆಗಳಿಂದ ಹೋಗುವ ಕಲೆ. ಒಣಗುವ ಮುನ್ನ ನೆನೆಸಬೇಕು. ಒಣಗಿದ ಮೇಲೆ ಉಜ್ಜಬಾರದು. ಈ ಮಾತು ಏಕೆ ನಿಜವೆಂಬುದು ತಿಳಿಯಬೇಕಾದರೆ ಕಲೆಯ ಸ್ವರೂಪವನ್ನೂ ಅದು ಅಂಟುವ ಮೈಯ ಸ್ವರೂಪವನ್ನೂ ಮೊದಲು ಅರಿಯಬೇಕು.

ಯಾವ ಕೀಟಗಳು, ಯಾವ ಕಾಲದಲ್ಲಿ?

ಕೀಟಗಳಿಗೆ ಆರು ಕಾಲು. ಆರು ಕಾಲುಳ್ಳದ್ದೆಂಬ ಕಾರಣದಿಂದಲೇ ದುಂಬಿಗೆ 'ಷಟ್ಪದ' ಎಂಬ ಹೆಸರು. ಆರು ಪಾದಗಳ ಪದ್ಯವನ್ನೂ ನಮ್ಮವರು 'ಷಟ್ಪದಿ' ಎಂದರು; ಹಂಪೆಯ ರಾಘವಾಂಕ ಆ ಛಂದಸ್ಸಿನಲ್ಲಿ ಕಾವ್ಯಗಳನ್ನು ರಚಿಸಿ ಅದಕ್ಕೆ ಪ್ರತಿಷ್ಠೆಯನ್ನು ತಂದುಕೊಟ್ಟನು. ಹೀಗೆ ಕಾವ್ಯದಲ್ಲಿ ಮಾನ್ಯತೆ ಪಡೆದ ಈ ಜೀವಿಯೇ ಇಂದು ಹೆದ್ದಾರಿಯಲ್ಲಿ ವಾಹನಕ್ಕೆ ಬಡಿದು ಕಲೆಯಾಗಿ ಉಳಿಯುತ್ತಿದೆ.

ನಮ್ಮ ನಾಡಿನಲ್ಲಿ ಕೀಟಗಳ ಹಾವಳಿ ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ಮುಂಗಾರಿನ ಮೊದಲ ಮಳೆಗಳು ಬಿದ್ದ ಸಂಜೆ ನೆಲದ ಬಿರುಕುಗಳಿಂದಲೂ ಹುತ್ತಗಳಿಂದಲೂ ರೆಕ್ಕೆ ಮೂಡಿದ ಗೆದ್ದಲು, ಅಂದರೆ ಈಸಲು ಹುಳು, ರಾಶಿರಾಶಿಯಾಗಿ ಏಳುತ್ತದೆ. ಅದರ ಮೈಯಲ್ಲಿ ಕೊಬ್ಬು ಹೆಚ್ಚು. ಆದುದರಿಂದ ಗಾಜಿಗೆ ಬಡಿದರೆ ಜಿಡ್ಡಿನ ಕಲೆಯಾಗುತ್ತದೆ. ದೀಪಾವಳಿಯ ಹೊತ್ತಿಗೆ ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಭತ್ತ ಬಲಿಯುವಾಗ ಹಸಿರು ಜಿಗಿಹುಳುಗಳು ಬೆಳಕಿನ ಕಡೆಗೆ ಮುಗಿಬೀಳುತ್ತವೆ. ಬೀದಿದೀಪದ ಕೆಳಗೆ ಅವು ಹಾಸಿಬಿದ್ದಿರುವುದನ್ನು ಆ ಸೀಮೆಯವರೆಲ್ಲರೂ ಬಲ್ಲರು. ಕೆರೆಯ ಏರಿಯ ಮೇಲಿನ ರಸ್ತೆಗಳಲ್ಲಿ ಮುಸ್ಸಂಜೆಯ ನುಸಿಗಳ ಕಾಟ. ಹಗಲಿನಲ್ಲಿ ಸೂರ್ಯಕಾಂತಿಯ ಹೊಲಗಳ ಬಳಿ ಜೇನ್ನೊಣ; ಹುಲ್ಲುಗಾವಲಿನ ಬಳಿ ಮಿಡತೆ ಮತ್ತು ಚಿಟ್ಟೆ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿಗಳ ಮೇಲೆ ಬೆಳಗಾವಿಗೆ ಸಾಗುವ ಹೆದ್ದಾರಿಯಲ್ಲಿ ಒಂದೇ ಪ್ರಯಾಣದೊಳಗೆ ಕೆರೆ, ಗದ್ದೆ, ಬಯಲು ಎಲ್ಲವೂ ಎದುರಾಗುವುದರಿಂದ ವಾಹನದ ಮುಖದಲ್ಲಿ ನಾನಾ ಬಗೆಯ ಕಲೆಗಳು ಸೇರಿಕೊಳ್ಳುತ್ತವೆ.

ದೀಪಕ್ಕೆ ಪತಂಗ ಬೀಳುವುದನ್ನು ನಮ್ಮ ಕವಿಗಳು ಮೋಹಕ್ಕೂ ಅವಿವೇಕಕ್ಕೂ ದೃಷ್ಟಾಂತವಾಗಿ ಬಳಸಿದ್ದಾರೆ. ಆದರೆ ಹಾರುವ ಕೀಟಗಳನ್ನು ಅತಿವೇಗದ ಕ್ಯಾಮರಾಗಳಿಂದ ಚಿತ್ರಿಸಿ 2024ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆ ಬೇರೊಂದು ಕಾರಣವನ್ನು ಮುಂದಿಟ್ಟಿದೆ. ರಾತ್ರಿಯಲ್ಲಿ ನೆಲಕ್ಕಿಂತ ಆಕಾಶವೇ ಹೆಚ್ಚು ಬೆಳಕುಳ್ಳದ್ದು. ಆದುದರಿಂದ ಕೀಟವು ಬೆಳಕಿರುವ ದಿಕ್ಕಿಗೆ ಬೆನ್ನನ್ನು ಮಾಡಿಕೊಂಡರೆ ತಾನು ನೆಟ್ಟಗೆ ಹಾರುತ್ತಿರುವೆನೆಂಬ ಖಚಿತತೆ ಅದಕ್ಕೆ ದೊರೆಯುತ್ತದೆ. ಮನುಷ್ಯನ ದೀಪದ ಬಳಿ ಬಂದಾಗ ಅದೇ ಅಭ್ಯಾಸದಿಂದ ದೀಪಕ್ಕೆ ಬೆನ್ನುಮಾಡಿ ದಾರಿತಪ್ಪಿ ಸುತ್ತುತ್ತ ಅಲ್ಲಿಯೇ ಸೆರೆಯಾಗುತ್ತದೆ. ಪತಂಗವು ಬೆಳಕನ್ನು ಮೋಹಿಸಿ ಬರುವುದಿಲ್ಲ; ಆಕಾಶವೆಂದು ಭ್ರಮಿಸಿ ಕೆಡುತ್ತದೆ. ಕವಿಗಳ ದೃಷ್ಟಾಂತಕ್ಕೆ ಇದರಿಂದ ಕುಂದೇನೂ ಬಾರದು. ಪತಂಗದ ಮೇಲಿನ ಅವಿವೇಕದ ಆರೋಪ ಮಾತ್ರ ತುಸು ಹಗುರಾದೀತು.

ಕಲೆಗೆ ಬೆಳಕಿಗಿಂತಲೂ ದೊಡ್ಡ ಕಾರಣ ವೇಗ. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. 80 ಕಿಲೋಮೀಟರ್ ವೇಗದ್ದು ಸುಮಾರು 22 ಮೀಟರ್. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುವುದು ಭೌತಶಾಸ್ತ್ರದ ನಿಯಮ. ನಿಧಾನವಾಗಿ ಹೋಗುವ ವಾಹನದ ಮುಂದಿನ ಗಾಳಿಯು ಸಣ್ಣ ಕೀಟಗಳನ್ನು ಮೇಲಕ್ಕೆತ್ತಿ ದಾಟಿಸುವುದೂ ಉಂಟು. ವೇಗ ಹೆಚ್ಚಿದಂತೆ ಅವುಗಳಿಗೆ ಆ ಅವಕಾಶ ತಪ್ಪುತ್ತದೆ. ಶಾಲಾ ವಾಹನಗಳಿಗೆ ಇನ್ನೊಂದು ವಿಶೇಷವಿದೆ. ಅವುಗಳ ಬಣ್ಣ ಹಳದಿ. ಹೇನು, ಬಿಳಿನೊಣ ಮೊದಲಾದ ಸಣ್ಣ ಬೆಳೆಕೀಟಗಳಿಗೆ ಹಳದಿಯ ಆಕರ್ಷಣೆ ಹೆಚ್ಚೆಂದು ರೈತರು ಹೊಲದಲ್ಲಿ ಹಳದಿ ಅಂಟುಬಲೆಗಳನ್ನು ಕಟ್ಟುವರಷ್ಟೆ. ಹೊಲದ ಪಕ್ಕದಲ್ಲಿ ನಿಲ್ಲಿಸಿದ ಹಳದಿ ವಾಹನದ ಮೇಲೆಯೂ ಅವು ಬಂದು ಕೂಡುವುದರಲ್ಲಿ ಆಶ್ಚರ್ಯವಿಲ್ಲ.

ಕಲೆಯೊಳಗೆ ಏನಿದೆ?

ಕೀಟದ ದೇಹದಲ್ಲಿ ನಮ್ಮಂತೆ ನಾಳಗಳಲ್ಲಿ ಹರಿಯುವ ಕೆಂಪು ರಕ್ತವಿಲ್ಲ. ಅದರ ಅಂಗಗಳನ್ನೆಲ್ಲ ಸುತ್ತಿಕೊಂಡು ಮೈತುಂಬ ಇರುವ ಒಂದು ದ್ರವವೇ ಅದಕ್ಕೆ ರಕ್ತ. ಉಸಿರನ್ನು ಸೂಕ್ಷ್ಮವಾದ ಗಾಳಿಕೊಳವೆಗಳೇ ಅಂಗಾಂಗಗಳಿಗೆ ಮುಟ್ಟಿಸುವುದರಿಂದ ಆ ದ್ರವಕ್ಕೆ ಕೆಂಪು ವರ್ಣದ್ರವ್ಯದ ಅವಶ್ಯಕತೆ ಸಾಮಾನ್ಯವಾಗಿ ಇಲ್ಲ. ಆದುದರಿಂದ ಕಲೆಯ ಬಣ್ಣ ಹಳದಿ, ತಿಳಿಹಸಿರು ಅಥವಾ ಬಿಳುಪು. ಅಲ್ಲಲ್ಲಿ ಕೆಂಪು ಕಂಡರೆ ಅದು ಸೊಳ್ಳೆ ಕುಡಿದ ಪರರಕ್ತವಿರಬಹುದು, ಇಲ್ಲವೇ ಕೀಟದ ಕಣ್ಣಿನ ವರ್ಣದ್ರವ್ಯವಿರಬಹುದು.

ಈ ದ್ರವದಲ್ಲಿ ಪ್ರೋಟೀನುಗಳಿವೆ. ಅದರೊಡನೆ ಕೊಬ್ಬೂ ಜೀರ್ಣರಸಗಳೂ ಹೊಟ್ಟೆಯೊಳಗಿನ ಆಹಾರವೂ ಸೇರುತ್ತವೆ. ಕೀಟಕ್ಕೆ ಗಾಯವಾದಾಗ ದ್ರವವು ಹೆಪ್ಪುಗಟ್ಟಿ ಕಪ್ಪಾಗಿ ಗಾಯವನ್ನು ಮುಚ್ಚಬೇಕೆಂಬುದು ಪ್ರಕೃತಿಯ ಏರ್ಪಾಡು. ಹೆಚ್ಚಿಟ್ಟ ಬದನೆಕಾಯಿಯ ಹೋಳು ಗಾಳಿಗೆ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿ ನಡೆಯುವುದೂ ಅದೇ ಬಗೆಯ ಕ್ರಿಯೆ. ಕೀಟ ಸತ್ತ ಮೇಲೆಯೂ ಆ ದ್ರವ ತನ್ನ ಧರ್ಮವನ್ನು ಬಿಡದೆ ವಾಹನದ ಮೈಮೇಲೆ ಹೆಪ್ಪುಗಟ್ಟುತ್ತದೆ. ರೆಕ್ಕೆ, ಕಾಲು, ಮೈಚಿಪ್ಪುಗಳು ನೀರಿನಲ್ಲಿ ಕರಗದ 'ಕೈಟಿನ್' ಎಂಬ ವಸ್ತುವಿನಿಂದಾದವು. ಆದರೆ ಅವು ತಾವಾಗಿ ಅಂಟಿಕೊಂಡಿರುವುದಿಲ್ಲ. ದ್ರವದ ಅಂಟು ಅವುಗಳನ್ನು ಹಿಡಿದಿರುತ್ತದೆ. ಆ ಅಂಟನ್ನು ನೀರು ಸಡಿಲಿಸಿತೆಂದರೆ ಚಿಪ್ಪು ತಾನೇ ಕಳಚಿಕೊಳ್ಳುತ್ತದೆ. ನಿವಾರಣೆಯ ಗುಟ್ಟೆಲ್ಲವೂ ಇಷ್ಟರಲ್ಲಿ ಅಡಗಿದೆ.

ಬಣ್ಣದ ಮೈಯ ಸೂಕ್ಷ್ಮತೆ

ಇಂದಿನ ವಾಹನಗಳ ಬಣ್ಣವು ಒಂದೇ ಬಳಿತವಲ್ಲ. ಲೋಹದ ತಗಡಿನ ಮೇಲೆ ತುಕ್ಕನ್ನು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪು ಕೊಡುವ ಪಾರದರ್ಶಕ ಪದರ ಹೀಗೆ ಹಲವು ಪದರಗಳಿವೆ. ಕಡೆಯ ಪಾರದರ್ಶಕ ಪದರದ ದಪ್ಪ ಸಾಧಾರಣವಾಗಿ 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಅಂದರೆ ಈ ಪದರ ನಮ್ಮ ತಲೆಗೂದಲಿಗಿಂತಲೂ ತೆಳುವಾದದ್ದು. ಬಿಸಿಲು, ಮಳೆ, ಧೂಳುಗಳಿಂದ ಒಳಗಿನ ಬಣ್ಣವನ್ನು ಕಾಯುವ ಹೊಣೆ ಇದರದು.

ಬೇಸಗೆಯ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಗಾಢವರ್ಣದ ವಾಹನದ ಬಾನೆಟ್ಟು 60 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಬಹುದು. ಆ ಶಾಖಕ್ಕೆ ಕೀಟದ್ರವವು ಪಾತ್ರೆಯ ತಳದಲ್ಲಿ ಸೀದ ಹಾಲಿನಂತೆ ಹತ್ತಿಕೊಳ್ಳುತ್ತದೆ. ಪಾರದರ್ಶಕ ಪದರವೂ ಅದೇ ವೇಳೆಗೆ ತುಸು ಮೆತ್ತಗಾಗುತ್ತದೆ. ಕಲೆಯು ಒಣಗುತ್ತ ಕುಗ್ಗುವಾಗ ಕೆಳಗಿನ ಪದರವನ್ನು ಹಿಡಿದೆಳೆಯುತ್ತದೆ. ಅದರಲ್ಲಿರುವ ಹುಳಿ ಪದಾರ್ಥಗಳು ಮೇಲ್ಮೈಯನ್ನು ಮಂಕಾಗಿಸುತ್ತವೆ. ಹೀಗೆ ದಿನಗಳು ಉರುಳಿದರೆ ಕೀಟ ಹೋದರೂ ಕೀಟದ ಆಕಾರ ಬಣ್ಣದಲ್ಲಿ ಉಳಿದುಬಿಡುತ್ತದೆ. ಮೊದಲಿನದು ಮೈಮೇಲಿನ ಕೊಳೆಯಾದರೆ ಇದು ಮೈಯೊಳಗಿನ ಗಾಯ. ಕೊಳೆಯನ್ನು ತೊಳೆಯಬಹುದು, ಗಾಯ ತೊಳೆದರೆ ಹೋಗದು. ಈ ಎರಡಕ್ಕೂ ನಡುವೆ ಇರುವ ಅಂತರವೆಂದರೆ ಕೆಲವು ದಿನಗಳ ಅಲಕ್ಷ್ಯ ಮಾತ್ರ.

ನಿವಾರಣೆಯ ಕ್ರಮ

ದಾಸೋಹದ ಅಡುಗೆಮನೆಯಲ್ಲಿ ಅನ್ನದ ಕೊಪ್ಪರಿಗೆ ಖಾಲಿಯಾದ ಒಡನೆ ಅದಕ್ಕೆ ನೀರು ತುಂಬಿಡುವುದು ವಾಡಿಕೆ. ಹಾಗೆ ತುಂಬಿಟ್ಟರೆ ತಳ ಹಿಡಿದ ಅಗುಳು ಸಂಜೆಯ ಹೊತ್ತಿಗೆ ಕೈಯಿಂದ ಸವರಿದರೂ ಏಳುತ್ತದೆ. ತುಂಬದೆ ಬಿಟ್ಟರೆ ಮರುದಿನ ಸಟ್ಟುಗದಿಂದ ಕೆರೆದರೂ ಏಳದು. ಮಡಿವಾಳರ ಕ್ರಮವೂ ಇದೇ: ಬಟ್ಟೆಯನ್ನು ಮೊದಲು ನೆನೆಸಿ, ಸವಳಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಆಮೇಲೆ ಒಗೆಯುತ್ತಿದ್ದರು. ಮೊದಲು ನೆನೆ, ಆಮೇಲೆ ಕೈ. ವಾಹನದ ಕಲೆಗೂ ಈ ನ್ಯಾಯವನ್ನೇ ಅನ್ವಯಿಸತಕ್ಕದ್ದು.

ಮೊದಲನೆಯದಾಗಿ, ಕಾಲ ಮತ್ತು ಸ್ಥಳ. ಪ್ರಯಾಣ ಮುಗಿದ ದಿನವೇ ತೊಳೆಯುವುದು ಉತ್ತಮ. ಮರುದಿನ ಬೆಳಗಿನ ತಂಪಿನಲ್ಲಿ ತೊಳೆಯುವುದು ಮಧ್ಯಮ. ವಾರ ಕಳೆದ ಮೇಲೆ ತೊಳೆಯುವುದು ಅಧಮ. ವಾಹನವು ನೆರಳಿನಲ್ಲಿರಬೇಕು, ಬಾನೆಟ್ಟು ಕೈಗೆ ತಣ್ಣಗಿರಬೇಕು. ಕಾದ ಮೈಮೇಲೆ ನೀರೆರಚಿದರೆ ನೀರೂ ಸಾಬೂನೂ ಕೂಡಲೇ ಆರಿ ಹೊಸ ಕಲೆಗಳಾಗುತ್ತವೆ.

ಎರಡನೆಯದಾಗಿ, ಧೂಳು ತೆಗೆಯುವುದು. ಬಟ್ಟೆಯನ್ನು ಮುಟ್ಟಿಸುವ ಮುನ್ನ ಬರಿಯ ನೀರನ್ನು ಮೇಲಿನಿಂದ ಕೆಳಕ್ಕೆ ಹರಿಸಿ ಮರಳು ಮಣ್ಣುಗಳನ್ನು ಇಳಿಸಬೇಕು. ಬಣ್ಣದಲ್ಲಿ ಗೀರುಗಳನ್ನು ಮಾಡುವುದು ಹೆಚ್ಚಾಗಿ ಬಟ್ಟೆಗೆ ಸಿಕ್ಕ ಮರಳಿನ ಕಣ.

ಮೂರನೆಯದಾಗಿ, ನೆನೆಸುವುದು. ಇದೇ ಇಡೀ ಕ್ರಮದ ಪ್ರಾಣ. ಹಳೆಯ ಹತ್ತಿಯ ಪಂಚೆಯ ತುಂಡನ್ನೋ ಮೆತ್ತನೆಯ ಟವೆಲನ್ನೋ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಹಿಂಡದೆ, ಕಲೆಗಳ ಮೇಲೆ ಹಾಸಬೇಕು. ನೀರಿಗೆ ವಾಹನ ತೊಳೆಯುವ ಶಾಂಪೂವನ್ನು ತುಸು ಬೆರೆಸಿದರೆ ಈಸಲಿನಂಥ ಜಿಡ್ಡುಕಲೆಯೂ ಸಡಿಲಾಗುತ್ತದೆ. ಹತ್ತರಿಂದ ಹದಿನೈದು ನಿಮಿಷ ಹಾಗೆಯೇ ಬಿಟ್ಟು, ಬಟ್ಟೆ ಆರುವಂತಾದರೆ ಮತ್ತೆ ನೀರು ಚಿಮುಕಿಸಬೇಕು. ಬಂಪರಿನಂತೆ ಕಡಿದಾದ ಭಾಗಗಳಲ್ಲಿ ಒದ್ದೆಬಟ್ಟೆಯನ್ನು ಒತ್ತಿ ಅಂಟಿಸಿದರೆ ನಿಲ್ಲುತ್ತದೆ. ನೀರಿನ ಅಭಾವವುಳ್ಳ ಬಯಲುಸೀಮೆಗೆ ಈ ಕ್ರಮ ವಿಶೇಷವಾಗಿ ಹೊಂದುತ್ತದೆ. ಕೊಳವೆಯಿಂದ ನೀರು ಬಿಟ್ಟರೆ ನಿಮಿಷಕ್ಕೆ ಹತ್ತು ಲೀಟರಿಗೂ ಹೆಚ್ಚು ಹರಿದುಹೋಗುತ್ತದೆ. ಒದ್ದೆಬಟ್ಟೆಯ ಕ್ರಮಕ್ಕೆ ಎರಡು ಬಕೆಟ್ ನೀರು ಸಾಕು.

ನಾಲ್ಕನೆಯದಾಗಿ, ಒರೆಸುವುದು. ಬಟ್ಟೆಯನ್ನೆತ್ತಿದಾಗ ಎಷ್ಟೋ ಕಲೆಗಳು ಅದರೊಡನೆಯೇ ಬಂದಿರುತ್ತವೆ. ಉಳಿದವನ್ನು ಶಾಂಪೂ ನೀರಿನಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ, ಭಾರ ಹಾಕದೆ ಸವರಬೇಕು, ಸುತ್ತಸುತ್ತಲಾಗಿ ಉಜ್ಜಬಾರದು. ಎರಡು ಬಕೆಟ್‌ಗಳಿರಲಿ: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸುವ ಬರಿಯ ನೀರು. ಪ್ರತಿಯೊಂದು ಬಾರಿಯೂ ಬಟ್ಟೆಯನ್ನು ಜಾಲಿಸಿಯೇ ಮರಳಿ ಶಾಂಪೂವಿನಲ್ಲಿ ಅದ್ದಬೇಕು. ಹೋಗದ ಕಲೆ ಕಂಡರೆ ಕೈಗೆ ಬಲ ತರಬೇಡಿ, ಕಲೆಗೆ ಮತ್ತೊಮ್ಮೆ ನೆನೆ ಕೊಡಿ. ಅದಕ್ಕೂ ಬಗ್ಗದಿದ್ದರೆ ಕೀಟಕಲೆಗೆಂದೇ ಮಾರುವ ದ್ರವಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಕೆಲವು ದ್ರವಗಳಲ್ಲಿ ಬಟ್ಟೆ ಒಗೆಯುವ ಪುಡಿಗಳಲ್ಲಿರುವಂಥ, ಪ್ರೋಟೀನನ್ನು ಒಡೆಯುವ ಕಿಣ್ವಗಳಿರುತ್ತವೆ. ಡಬ್ಬಿಯ ಮೇಲಿನ ಸೂಚನೆಯಂತೆ ಬಳಸಿ, ಆರಲು ಬಿಡದೆ ತೊಳೆದುಬಿಡಬೇಕು.

ಐದನೆಯದಾಗಿ, ಆರಿಸುವುದು ಮತ್ತು ರಕ್ಷಣೆ. ನಮ್ಮ ಬಹುಪಾಲು ಊರುಗಳ ಕೊಳವೆಬಾವಿಯ ನೀರು ಗಡುಸು. ಅದು ತಾನಾಗಿ ಆರಿದರೆ ಬಿಳಿಯ ಉಪ್ಪಿನ ಚುಕ್ಕೆಗಳುಳಿಯುತ್ತವೆ; ಆದುದರಿಂದ ಒಣ ಮೆತ್ತನೆಯ ಬಟ್ಟೆಯಿಂದ ಒತ್ತಿ ತೇವವನ್ನು ತೆಗೆಯಬೇಕು. ಎರಡು ಮೂರು ತಿಂಗಳಿಗೊಮ್ಮೆ ವಾಹನಕ್ಕೆ ಹಚ್ಚುವ ಮೇಣವನ್ನು ತೆಳುವಾಗಿ ಬಳಿದರೆ ಮುಂದಿನ ಕಲೆ ಮೇಣದ ಮೇಲೆ ನಿಲ್ಲುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ದೂರಪ್ರಯಾಣಕ್ಕೆ ಹೊರಡುವ ಮುನ್ನ ಹಚ್ಚಿದರೆ ಮತ್ತೂ ಒಳಿತು.

ವಾಹನದ ಮುಖಕ್ಕೆ ಕೀಟ ಅಂಟದಂತೆಯೇ ಮಾಡಲಾಗದೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ವಿಮಾನ ತಯಾರಕರು. ರೆಕ್ಕೆಯ ಅಂಚಿಗೆ ಅಂಟಿದ ಕೀಟಕಲೆಯು ರೆಕ್ಕೆಯ ಮೇಲೆ ನಯವಾಗಿ ಜಾರುವ ಗಾಳಿಯನ್ನು ಕದಡಿ ಇಂಧನದ ಖರ್ಚನ್ನು ಹೆಚ್ಚಿಸುತ್ತದೆ. ಅಮೆರಿಕದ ನಾಸಾ ಸಂಸ್ಥೆಯವರು ಬೋಯಿಂಗ್ ಕಂಪನಿಯೊಡನೆ ಸೇರಿ 2015ರಲ್ಲಿ ಲೂಯಿಸಿಯಾನ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ, ಕೀಟಗಳು ಹೇರಳವಾಗಿದ್ದ ಹೊತ್ತಿನಲ್ಲಿ, ವಿಮಾನದ ರೆಕ್ಕೆಗೆ ಐದು ಬಗೆಯ ಲೇಪಗಳನ್ನು ಹಚ್ಚಿ ಹಾರಿಸಿ ನೋಡಿದರು. ಅವುಗಳಲ್ಲಿ ಅತ್ಯುತ್ತಮವಾದದ್ದು ಕಲೆಯನ್ನು ಸುಮಾರು 40 ಶೇಕಡದಷ್ಟು ಕಡಿಮೆ ಮಾಡಿತು. ಅಷ್ಟು ದೊಡ್ಡ ಪ್ರಯತ್ನಕ್ಕೂ ಕಲೆ ಪೂರ್ಣವಾಗಿ ಮಣಿಯಲಿಲ್ಲವೆಂದ ಮೇಲೆ ನಮಗೆ ಒದ್ದೆಬಟ್ಟೆಯೂ ಮೇಣವೂ ಸಾಕೆಂದು ಸಮಾಧಾನ ತಾಳಬಹುದು.

ಮಾಡಬಾರದವು

ತೆಂಗಿನ ನಾರು, ಪಾತ್ರೆ ಉಜ್ಜುವ ತಂತಿಯ ಜುಂಗು, ಒರಟು ಸ್ಪಂಜು, ಬೂದಿ, ಉಜ್ಜುವ ಪುಡಿ ಇವುಗಳಲ್ಲಿ ಯಾವುದನ್ನೂ ಬಣ್ಣಕ್ಕೆ ಮುಟ್ಟಿಸಬಾರದು. ಕೊಪ್ಪರಿಗೆಯ ಲೋಹ ಇವನ್ನು ತಾಳೀತು. ಕೂದಲಿಗಿಂತ ತೆಳುವಾದ ಪದರ ತಾಳದು. ಉಗುರಿನಿಂದಲೋ ಬ್ಲೇಡಿನಿಂದಲೋ ಕೆರೆಯಬಾರದು. ಒಣಬಟ್ಟೆಯಿಂದಾಗಲಿ ವೃತ್ತಪತ್ರಿಕೆಯಿಂದಾಗಲಿ ಬಾನೆಟ್ಟನ್ನು ಒರೆಸಬಾರದು; ಚೂಪಾದ ಚಿಪ್ಪಿನ ಚೂರುಗಳೂ ಧೂಳೂ ಆಗ ಉಪ್ಪುಕಾಗದದ ಕೆಲಸ ಮಾಡುತ್ತವೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್‌ಗಳಿಂದ ಕಲೆಯನ್ನು ತೆಗೆಯುವ ಪದ್ಧತಿ ಹಲವೆಡೆ ಇದೆ. ಇವು ಮೇಣವನ್ನು ಕರಗಿಸಿಬಿಡುತ್ತವೆ. ಥಿನ್ನರಂತೂ ಬಣ್ಣಕ್ಕೇ ಕೈಹಾಕುತ್ತದೆ. ಬೆಂಕಿಯ ಭಯ ಬೇರೆ. ಪಾತ್ರೆ ತೊಳೆಯುವ ಸಾಬೂನನ್ನು ಅನಿವಾರ್ಯವಾಗಿ ಒಮ್ಮೆ ಬಳಸಿದರೆ ಅನಾಹುತವಿಲ್ಲ. ರೂಢಿ ಮಾಡಿಕೊಂಡರೆ ಮೇಣದ ರಕ್ಷೆ ಹೋಗುತ್ತದೆ.

ಕಲೆ ಹೋಗಿಯೂ ಮಂಕಾದ ಗುರುತು ಉಳಿದಿದ್ದರೆ ಅದು ಹಿಂದೆ ಹೇಳಿದ ಗಾಯವೆಂದು ತಿಳಿಯಬೇಕು. ಅದಕ್ಕೆ ಪಾಲಿಷ್ ಮಾಡುವುದೊಂದೇ ದಾರಿ. ಪಾಲಿಷ್ ಎಂದರೆ ಆ ತೆಳುಪದರವನ್ನೇ ತುಸು ಸವೆಸಿ ಸಮಮಾಡುವುದು. ಪ್ರತಿ ಪಾಲಿಷ್‌ಗೂ ರಕ್ಷಾಪದರ ಅಷ್ಟಷ್ಟು ಕಡಿಮೆಯಾಗುತ್ತದೆ. ಆದುದರಿಂದ ಅದನ್ನು ಅಪರೂಪಕ್ಕೆ, ಬಲ್ಲವರ ಕೈಯಿಂದ ಮಾಡಿಸತಕ್ಕದ್ದು.

ಗಾಜು, ದೀಪ, ರೇಡಿಯೇಟರ್

ಬಣ್ಣದ ಕಲೆ ಅಂದವನ್ನು ಕೆಡಿಸಿದರೆ ಗಾಜಿನ ಕಲೆ ಪ್ರಾಣಕ್ಕೇ ಎರವಾಗಬಲ್ಲದು. ಹಗಲಿನಲ್ಲಿ ಕಾಣದ ತೆಳು ಜಿಡ್ಡು ರಾತ್ರಿಯಲ್ಲಿ ಎದುರಿನ ವಾಹನದ ಬೆಳಕು ಬಿದ್ದೊಡನೆ ಗಾಜಿನ ತುಂಬ ಹೊಳಪಾಗಿ ಹರಡುತ್ತದೆ. ರಸ್ತೆ ದಾಟುತ್ತಿರುವ ಮನುಷ್ಯನೂ ದೀಪವಿಲ್ಲದ ಎತ್ತಿನ ಗಾಡಿಯೂ ಆ ಹೊಳಪಿನ ಹಿಂದೆ ಮರೆಯಾಗುತ್ತಾರೆ. ಪ್ರವಾಸದಿಂದ ಮಕ್ಕಳನ್ನು ಕರೆತರುತ್ತಿರುವ ವಾಹನದ ವಿಷಯದಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಚಾಲಕರು ಸಾಮಾನ್ಯವಾಗಿ ಕೀಟ ಬಡಿದೊಡನೆ ವೈಪರನ್ನು ತಿರುಗಿಸುತ್ತಾರೆ. ನೀರಿಲ್ಲದೆ ವೈಪರ್ ತಿರುಗಿದರೆ ಒಂದು ಕಡೆಯಿದ್ದ ಚುಕ್ಕೆ ಗಾಜಿನಗಲ ಬಳಿದುಕೊಳ್ಳುತ್ತದೆ. ಮೊದಲು ನೀರನ್ನು ಧಾರಾಳವಾಗಿ ಚಿಮ್ಮಿಸಿ, ತುಸು ತಡೆದು, ಆಮೇಲೆ ವೈಪರ್ ಹಾಕಬೇಕು. ಹೊರಡುವ ಮುನ್ನ ವೈಪರಿನ ನೀರಿನ ತೊಟ್ಟಿ ತುಂಬಿದೆಯೇ, ರಬ್ಬರಿನ ಅಂಚು ಮೆತ್ತಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ಈಸಲು ಏಳುವ ಸಂಜೆ ಗಾಜು ಮಂಕಾದರೆ ವಾಹನವನ್ನು ರಸ್ತೆಯ ಅಂಚಿಗೆ ಭದ್ರವಾಗಿ ನಿಲ್ಲಿಸಿ ಒದ್ದೆಬಟ್ಟೆಯಿಂದ ಒರೆಸಿಕೊಂಡೇ ಮುಂದೆ ಸಾಗಬೇಕು. ಐದು ನಿಮಿಷದ ತಡಕ್ಕಾಗಿ ಯಾರೂ ಚಾಲಕನನ್ನು ಗದರಬಾರದು. ಆ ಐದು ನಿಮಿಷ ಆತನ ಕಾಯಕದ ಭಾಗ.

ಹಿಂದೆ ವಾಹನದ ಮುಂದೀಪಗಳಿಗೆ ಗಾಜಿನ ಮುಚ್ಚಳವಿರುತ್ತಿತ್ತು. ಈಚಿನ ದಶಕಗಳ ವಾಹನಗಳಲ್ಲಿ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಅದರ ಮೇಲೆಯೂ ಒಂದು ತೆಳುವಾದ ರಕ್ಷಾಲೇಪವಿದೆ. ಒರಟಾಗಿ ಉಜ್ಜಿ ಆ ಲೇಪವನ್ನು ಕೆಡಿಸಿದರೆ ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕನ್ನು ಹಳದಿಗಟ್ಟಿಸುತ್ತವೆ, ದೀಪದ ಬೆಳಕು ಕುಂದುತ್ತದೆ. ಪೆಟ್ರೋಲ್ ಥಿನ್ನರ್‌ಗಳು ಅದಕ್ಕೆ ಶತ್ರುಗಳು. ನೆನೆಸಿ ಸವರುವುದೊಂದೇ ಅಲ್ಲಿಯೂ ಯೋಗ್ಯವಾದ ಕ್ರಮ.

ಕಣ್ಣಿಗೆ ಬೀಳದ ಇನ್ನೊಂದು ಸ್ಥಳ ಗ್ರಿಲ್ಲಿನ ಹಿಂದಿನ ರೇಡಿಯೇಟರ್. ಅದರ ಸೂಕ್ಷ್ಮವಾದ ತಗಡುಗಳ ಸಂದಿಯಲ್ಲಿ ಕೀಟಗಳು ಸೇರಿಕೊಂಡರೆ ಗಾಳಿಯ ದಾರಿ ಕಟ್ಟಿ ಎಂಜಿನ್ ಕಾಯುತ್ತದೆ. ಎಂಜಿನ್ ಪೂರ್ಣವಾಗಿ ತಣಿದ ಮೇಲೆ ಮೆಲ್ಲನೆಯ ನೀರಿನ ಧಾರೆಯನ್ನು ಸಾಧ್ಯವಾದಷ್ಟು ಒಳಗಿನಿಂದ ಹೊರಕ್ಕೆ ಹರಿಸಬೇಕು. ರಭಸದ ಧಾರೆಯನ್ನು ಬಿಟ್ಟರೆ ತಗಡುಗಳು ಮಡಿಚಿಕೊಳ್ಳುತ್ತವೆ.

ಕಲೆ ಕಡಿಮೆಯಾದರೆ ಒಳಿತೇ?

ಕೊನೆಗೆ ಒಂದು ವಿಚಾರವನ್ನು ಹೇಳದೆ ಈ ಲೇಖನವನ್ನು ಮುಗಿಸಲಾಗದು. ಮೊದಲಿನಷ್ಟು ಕೀಟಗಳು ಈಗ ಗಾಜಿಗೆ ಬಡಿಯುವುದಿಲ್ಲವೆಂದು ಹಳೆಯ ಚಾಲಕರು ಹೇಳುವುದುಂಟು. ಇತರ ದೇಶಗಳಲ್ಲಿ ವಿಜ್ಞಾನಿಗಳು ಇಂಥ ಮಾತನ್ನು ಎಣಿಸಿ ಅಳೆದು ನೋಡಿದ್ದಾರೆ. ಜರ್ಮನಿಯಲ್ಲಿ 1989ರಿಂದ 2016ರವರೆಗೆ 63 ಸಂರಕ್ಷಿತ ಪ್ರದೇಶಗಳಲ್ಲಿ ಬಲೆಯೊಡ್ಡಿ ತೂಗಿ ನೋಡಿದಾಗ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಇಳಿದಿರುವುದು ಕಂಡುಬಂದಿತು. ಈ ವರದಿ 2017ರಲ್ಲಿ ಪ್ರಕಟವಾಯಿತು. ಡೆನ್ಮಾರ್ಕಿನಲ್ಲಿ 1997ರಿಂದ 2017ರವರೆಗೆ ಒಬ್ಬ ಸಂಶೋಧಕರು ಗೊತ್ತಾದ ಎರಡು ರಸ್ತೆಗಳಲ್ಲಿ ವಾಹನ ಚಲಾಯಿಸಿ ಗಾಜಿಗೆ ಬಡಿದ ಕೀಟಗಳನ್ನು ವರ್ಷವರ್ಷವೂ ಎಣಿಸಿದರು. ಅಲ್ಲಿಯೂ ಎಣಿಕೆ 80 ಶೇಕಡಕ್ಕೆ ಕಡಿಮೆಯಿಲ್ಲದಂತೆ ಕುಸಿದಿತ್ತು. ನಾವು ಒರೆಸಿಹಾಕುವ ಕಲೆ ಅವರಿಗೆ ದಾಖಲೆಯಾಯಿತು. ನಮ್ಮ ಸೂರ್ಯಕಾಂತಿಗೆ ಕಾಳು ಕಟ್ಟಬೇಕಾದರೆ, ಕುಂಬಳ, ಹೀರೆ, ಸೋರೆಗಳು ಕಾಯಿ ಹಿಡಿಯಬೇಕಾದರೆ ಕೀಟಗಳು ಬರಬೇಕು. ಗಾಜು ತಾನಾಗಿ ಶುಭ್ರವಾಗುತ್ತ ಬಂದರೆ ಅದು ಹಿಗ್ಗುವ ಸಂಗತಿಯಲ್ಲ.

ಹಾಗೆಂದು ಕಲೆಯನ್ನು ತೊಳೆಯದೆ ಬಿಡಬೇಕೆಂದು ಅರ್ಥವಲ್ಲ. ಕಲೆಯನ್ನು ತೊಳೆಯುವ ಕೈ ಕಲೆಗೆ ಕಾರಣವಾದ ಜೀವವನ್ನೂ ನೆನೆಯಲಿ ಎಂಬುದಷ್ಟೇ ತಾತ್ಪರ್ಯ. ಸಕಲ ಜೀವರಲ್ಲಿ ದಯೆಯನ್ನು ಕಲಿಸಿದ ಶರಣ ಪರಂಪರೆಯಲ್ಲಿ ಬೆಳೆದ ಶಾಲೆಗಳಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. ಮೊದಲ ಮಳೆಯ ಸಂಜೆ, ಗದ್ದೆಯ ಬಯಲು, ಕೆರೆಯ ಏರಿ ಇವುಗಳಲ್ಲಿ ವೇಗವನ್ನು ಇಳಿಸಿದರೆ ಮಕ್ಕಳ ಪ್ರಾಣಕ್ಕೂ ಕ್ಷೇಮ, ಕೀಟಗಳ ಪ್ರಾಣಕ್ಕೂ ಕ್ಷೇಮ, ವಾಹನದ ಬಣ್ಣಕ್ಕೂ ಕ್ಷೇಮ. ನಿಲ್ಲಿಸಿದ ವಾಹನದ ದೀಪವನ್ನು ಆರಿಸಿದರೆ ಅಷ್ಟು ಪತಂಗಗಳು ತಮ್ಮ ಆಕಾಶವನ್ನು ಮರಳಿ ಪಡೆಯುತ್ತವೆ.

ಶಾಲೆಯಲ್ಲಿ ಇದನ್ನು ಪಾಠವಾಗಿಯೂ ಮಾಡಬಹುದು. ವಾರಕ್ಕೊಮ್ಮೆ ಮೇಲಿನ ತರಗತಿಯ ನಾಲ್ಕು ವಿದ್ಯಾರ್ಥಿಗಳು ಚಾಲಕರೊಡನೆ ನಿಂತು, ಯಾವ ದಾರಿಯಿಂದ ಬಂದ ವಾಹನದಲ್ಲಿ ಯಾವ ಕೀಟಗಳೆಷ್ಟು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದು, ಆಮೇಲೆ ಒದ್ದೆಬಟ್ಟೆ ಹಾಸಿ ಕಲೆಯನ್ನು ತೆಗೆಯಲಿ. ವಿಜ್ಞಾನ, ಗಣಿತ, ಕಾಯಕ ಮೂರೂ ಒಂದೇ ಗಂಟೆಯಲ್ಲಿ ಕಲಿತಂತಾಗುತ್ತದೆ. ಹತ್ತಿಪ್ಪತ್ತು ವರ್ಷ ಹೀಗೆ ಬರೆದಿಟ್ಟರೆ ಆ ಪುಸ್ತಕಗಳೇ ನಮ್ಮ ಸೀಮೆಯ ಕೀಟಗಳ ಚರಿತ್ರೆಯಾಗುವುವು. ದಾನಿಗಳು ಕೊಟ್ಟ ವಾಹನವೂ ಅಷ್ಟು ಕಾಲ ಹೊಸದರಂತೆ ಹೊಳೆಯುತ್ತಿರಲಿ. ಅದನ್ನು ತೊಳೆಯುವ ಕೈಗಳಿಗೆ ಗೌರವ ಸಲ್ಲುತ್ತಿರಲಿ.